ಗೆರೆ ಎಳೆಯದ ಟೂಲ್‌ಗಳು

ಮೂರು ಗಂಟೆ ಕೂತು ಒಂದು ಮುಖ ಬರೆದಿರುತ್ತೀರಿ. ಕಣ್ಣು, ಮೂಗು, ದವಡೆ ಎಲ್ಲ ಸರಿಯಾಗೇ ಕಾಣುತ್ತಿರುತ್ತದೆ. ಕ್ರಿಟಾ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರ್‌ನಲ್ಲಿ ಬರೆಯುತ್ತಿದ್ದರೆ ಈಗ ಎಂ ಕೀ ಒತ್ತಿ. ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲ ಅದಲುಬದಲಾಗುತ್ತದೆ. ಒಂದು ಕಣ್ಣು ಮೇಲೆ ಹೋಗಿದೆ, ಇನ್ನೊಂದು ಕೆಳಗಿಳಿದಿದೆ, ದವಡೆ ಒಂದು ಪಕ್ಕಕ್ಕೆ ವಾಲಿದೆ. ಇಷ್ಟು ಹೊತ್ತು ಚಂದ ಅಂದುಕೊಂಡಿದ್ದು ಇದನ್ನಾ ಅನ್ನಿಸುತ್ತದೆ. ಚಿತ್ರ ಮೊದಲೂ ಹಾಗೇ ಇತ್ತು. ನಿಮ್ಮ ಕಣ್ಣು ಅದಕ್ಕೆ ಒಗ್ಗಿಹೋಗಿತ್ತು, ಅಷ್ಟೇ.

ಇದು ಕಂಪ್ಯೂಟರ್ ಕಾಲದ ಉಪಾಯವೇನಲ್ಲ. ಬರೆಯುವಾಗ ಪಕ್ಕದಲ್ಲಿ ಕನ್ನಡಿ ಇಟ್ಟುಕೊಳ್ಳಿ ಎಂದು ಲಿಯೊನಾರ್ಡೊ ಡಾ ವಿಂಚಿ ತನ್ನ ಟಿಪ್ಪಣಿಗಳಲ್ಲೇ ಹೇಳಿದ್ದಾನೆ. ತಿರುಗಿದ ಚಿತ್ರ ಬೇರೆ ಯಾರೋ ಬರೆದ ಹಾಗೆ ಕಾಣುತ್ತದೆ, ಆಗ ತಪ್ಪು ಬೇಗ ಸಿಗುತ್ತದೆ ಅನ್ನುವುದು ಅವನ ಲೆಕ್ಕ. ಬೇರೆಯವರ ತಪ್ಪು ನಮಗೆ ಯಾವಾಗಲೂ ಬೇಗ ಕಾಣುತ್ತದೆ, ಅಲ್ವಾ? ಕ್ರಿಟಾದ ಎಂ ಕೀ ತಿರುಗಿಸುವುದು ನೋಟವನ್ನು ಮಾತ್ರ, ಫೈಲ್ ಹಾಗೇ ಇರುತ್ತದೆ. ಉಳಿದ ಸಾಫ್ಟ್‌ವೇರ್‌ಗಳಲ್ಲಿ ಫ್ಲಿಪ್ ಹಾರಿಜಾಂಟಲ್ ಎಂದು ಹುಡುಕಿ.

ಹೊಸಬರು ನನ್ನನ್ನು ಜಾಸ್ತಿ ಕೇಳುವುದು ಬ್ರಷ್ ಬಗ್ಗೆ. ಯಾವ ಪ್ಯಾಕ್, ಎಲ್ಲಿ ಸಿಗುತ್ತದೆ ಅಂತ. ನಾನು ದಿನವೂ ಬಳಸುವುದು ನಾಲ್ಕೇ ನಾಲ್ಕು ಬ್ರಷ್, ನಾಲ್ಕೂ ಸಾಫ್ಟ್‌ವೇರ್ ಜೊತೆಗೇ ಬಂದವು. ನನ್ನ ಕೆಲಸವನ್ನು ಕಾಪಾಡಿದ್ದು ಗೆರೆ ಎಳೆಯದ ಟೂಲ್‌ಗಳು. ನಮ್ಮ ಕಣ್ಣಿಗೆ ಆಗುವ ಮೋಸವನ್ನು ಹಿಡಿದುಕೊಡುವಂಥವು.

ಅವುಗಳಲ್ಲಿ ನನಗೆ ತೀರಾ ಇಷ್ಟವಾದದ್ದು ಬೂದು ಲೇಯರ್. (ಲೇಯರ್ ಅಂದರೆ ಚಿತ್ರದ ಮೇಲೆ ಹಾಸುವ ಪಾರದರ್ಶಕ ಹಾಳೆಯಂಥ ಪದರ.) ಚಿತ್ರ ಸಪ್ಪೆ ಅನ್ನಿಸಿದರೆ ನಾವು ಮೊದಲು ಮಾಡುವ ಕೆಲಸ ಬಣ್ಣವನ್ನು ಇನ್ನಷ್ಟು ಗಾಢ ಮಾಡುವುದು. ತೊಂದರೆ ಬಹಳ ಸಲ ಬಣ್ಣದಲ್ಲಿ ಇರುವುದೇ ಇಲ್ಲ, ಬೆಳಕು ನೆರಳಿನಲ್ಲಿ ಇರುತ್ತದೆ. ಕೆಂಪು ಅಂಗಿ ಮತ್ತು ಹಿಂದಿನ ಹಸಿರು ಗಿಡ ಎರಡರ ಕಡುಪೂ ಒಂದೇ ಆಗಿಬಿಟ್ಟರೆ ದೂರದಿಂದ ಎರಡೂ ಒಂದೇ ಮುದ್ದೆ. ಇದನ್ನು ಪತ್ತೆ ಮಾಡಲು ಎಲ್ಲಕ್ಕಿಂತ ಮೇಲೆ ಒಂದು ಹೊಸ ಲೇಯರ್ ಹಾಕಿ, ಅದಕ್ಕೆ ಪೂರ್ತಿ ಕಪ್ಪು ತುಂಬಿ, ಕೆಳಗಿನ ಪದರಗಳ ಜೊತೆ ಅದು ಬೆರೆಯುವ ಬಗೆಯನ್ನು, ಅಂದರೆ ಬ್ಲೆಂಡಿಂಗ್ ಮೋಡ್ ಅನ್ನು, ‘ಕಲರ್’ ಮಾಡಿ. ಚಿತ್ರ ಕಪ್ಪು ಬಿಳುಪಿಗೆ ತಿರುಗುತ್ತದೆ. ಆ ಲೇಯರಿನ ಕಣ್ಣಿನ ಗುರುತನ್ನು ಬೇಕಾದಾಗ ತೆರೆದು ಮುಚ್ಚುತ್ತಿದ್ದರೆ ಆಯಿತು.

ಇಷ್ಟಕ್ಕೆ ಬಣ್ಣ ತೆಗೆದು ಬೂದು ಮಾಡುವ ಡಿಸ್ಯಾಚುರೇಟ್ ಆಜ್ಞೆ ಸಾಲದೇ ಎಂದು ಕೇಳುವವರಿದ್ದಾರೆ. ಒಂದು ಪರೀಕ್ಷೆ ಮಾಡಿ ನೋಡಿ. ಅಚ್ಚ ಹಳದಿಯ ಒಂದು ಚೌಕ, ಪಕ್ಕದಲ್ಲಿ ಅಚ್ಚ ನೀಲಿಯ ಇನ್ನೊಂದು ಚೌಕ. ಫೋಟೊಶಾಪ್‌ನಲ್ಲಿ ಡಿಸ್ಯಾಚುರೇಟ್ ಒತ್ತಿದರೆ ಎರಡೂ ಒಂದೇ ಬೂದು ಆಗುತ್ತವೆ! ಹಳದಿ ಎಲ್ಲಿ, ನೀಲಿ ಎಲ್ಲಿ? ಆ ಆಜ್ಞೆಗೆ ಗೊತ್ತಿರುವ ಲೆಕ್ಕ ಒಂದೇ. ಪರದೆಯ ಪ್ರತಿ ಬಣ್ಣಕ್ಕೂ ಇರುವ ಕೆಂಪು, ಹಸಿರು, ನೀಲಿ ಅಂಕಿಗಳಲ್ಲಿ (ಒಂದೊಂದೂ 0ಯಿಂದ 255ರವರೆಗೆ) ಎಲ್ಲಕ್ಕಿಂತ ದೊಡ್ಡದು ಮತ್ತು ಚಿಕ್ಕದನ್ನು ತೆಗೆದುಕೊಂಡು ನಡುವಿನ ಬೆಲೆ ಹಾಕುತ್ತದೆ. ಎರಡು ಚೌಕದಲ್ಲೂ ದೊಡ್ಡದು 255, ಚಿಕ್ಕದು 0. ನಮ್ಮ ಕಣ್ಣು ಹಾಗೆ ನೋಡುವುದಿಲ್ಲ. ಪರದೆಯ ಬಿಳಿ ಬೆಳಕಿನ ಹೊಳಪಿನಲ್ಲಿ ಸುಮಾರು ಶೇ. 72 ಹಸಿರಿನದು, ಶೇ. 21 ಕೆಂಪಿನದು, ನೀಲಿಯದು ಬರೀ ಶೇ. 7. ಹಸಿರು ಮತ್ತು ಕೆಂಪು ಸೇರಿದ ಹಳದಿ ಅದಕ್ಕೇ ಬಿಳಿಯ ಹತ್ತಿರ, ನೀಲಿ ಕಪ್ಪಿನ ಹತ್ತಿರ. ‘ಕಲರ್’ ಲೇಯರ್ ಈ ವ್ಯತ್ಯಾಸವನ್ನು ಉಳಿಸುತ್ತದೆ. ಫೋಟೊ ತಿದ್ದುವ ಜಿಂಪ್ ಬಳಸುವವರು ಡಿಸ್ಯಾಚುರೇಟ್‌ನಲ್ಲಿ ‘ಲೈಟ್‌ನೆಸ್’ ಬಿಟ್ಟು ‘ಲ್ಯೂಮಿನೆನ್ಸ್’ ಆರಿಸಿಕೊಳ್ಳಿ.

ಇದರ ಜೊತೆಗೆ ಅದೇ ಫೈಲಿನ ಎರಡನೇ ಕಿಟಕಿಯೊಂದನ್ನು ತೆರೆದು ಅಂಚೆಚೀಟಿಯಷ್ಟು ಚಿಕ್ಕದಾಗಿ ಮೂಲೆಯಲ್ಲಿ ಇಟ್ಟುಕೊಳ್ಳಿ. ರೆಪ್ಪೆಗೂದಲು ಬರೆಯುತ್ತಾ ಮೈಮರೆತಾಗ ಇಡೀ ಚಿತ್ರ ಹೇಗಿದೆ ಎಂದು ಅದು ನೆನಪಿಸುತ್ತಿರುತ್ತದೆ.

ಕಣ್ಣಿನ ಮೋಸ ಒಂದಾದರೆ ಪರದೆಯ ಮೋಸ ಇನ್ನೊಂದು. ಒಮ್ಮೆ ಪೋಸ್ಟರ್ ಒಂದಕ್ಕೆ ಕಡುನೀಲಿ ಆಕಾಶ ಬರೆದಿದ್ದೆ. ಪ್ರಿಂಟ್ ಆಗಿ ಬಂದದ್ದು ನೇರಳೆ ಆಕಾಶ. ಪ್ರೆಸ್‌ನವರ ಮೇಲೆ ರೇಗಾಡಿದೆ. ಆಮೇಲೆ ಗೊತ್ತಾಯಿತು, ತಪ್ಪು ನನ್ನದೇ. ಪರದೆ ಬಣ್ಣ ಮಾಡುವುದು ಬೆಳಕಿನಿಂದ, ಪ್ರೆಸ್ ಮಾಡುವುದು ನಾಲ್ಕು ಶಾಯಿಗಳಿಂದ: ಸಯಾನ್, ಮಜೆಂಟಾ, ಹಳದಿ, ಕಪ್ಪು. ನೀಲಿ ಬರಬೇಕೆಂದರೆ ಸಯಾನ್ ಮೇಲೆ ಮಜೆಂಟಾ ಬೀಳಬೇಕು. ಎರಡೂ ಸರಿಸುಮಾರು ಒಂದೇ ಪ್ರಮಾಣದಲ್ಲಿದ್ದರೆ ಬಣ್ಣ ನೇರಳೆಗೆ ಜಾರುತ್ತದೆ. ಡಿಸೈನರ್‌ಗಳು ಕೈಲೆಕ್ಕವಾಗಿ ಮಜೆಂಟಾವನ್ನು ಸಯಾನ್‌ಗಿಂತ 30 ಅಂಕ ಕಡಿಮೆ ಇಡುತ್ತಾರೆ. ಸಯಾನ್ 100 ಇದ್ದರೆ ಮಜೆಂಟಾ 70 ದಾಟಬಾರದು.

ಪರದೆಯ ಮೇಲೇ ಇದನ್ನು ಮುಂಚೆ ನೋಡಿಕೊಳ್ಳಬಹುದು. ಫೋಟೊಶಾಪ್ ಮತ್ತು ಕ್ರಿಟಾ ಎರಡರಲ್ಲೂ ಕಂಟ್ರೋಲ್ ಜೊತೆ ವೈ ಒತ್ತಿದರೆ ಕಾಗದದ ಮೇಲೆ ಬಣ್ಣ ಹೇಗೆ ಕಾಣಬಹುದು ಎಂಬ ಅಂದಾಜು ಸಿಗುತ್ತದೆ. ಇದಕ್ಕೆ ಸಾಫ್ಟ್ ಪ್ರೂಫ್ ಎನ್ನುತ್ತಾರೆ. ಶಿಫ್ಟ್ ಕೂಡ ಸೇರಿಸಿ ಒತ್ತಿದರೆ ಶಾಯಿಗೆ ಎಟುಕದ ಬಣ್ಣಗಳನ್ನು ಗುರುತು ಹಾಕಿ ತೋರಿಸುತ್ತದೆ. ಪ್ರೆಸ್‌ನವರ ಬಳಿ ಅವರ ಕಲರ್ ಪ್ರೊಫೈಲ್ (ಅವರ ಪ್ರಿಂಟ್‌ನಲ್ಲಿ ಬಣ್ಣ ಹೇಗೆ ಬರುತ್ತದೆ ಎಂಬ ವಿವರದ ಫೈಲು) ಕೇಳಿ ಪಡೆದುಕೊಂಡು ಅದನ್ನೇ ಇಲ್ಲಿ ಆರಿಸಬೇಕು. ಸುಮ್ನೆ ಯಾವುದೋ ಒಂದನ್ನು ಆರಿಸಿದರೆ ಅಂದಾಜೂ ತಪ್ಪುತ್ತದೆ. ಚಿತ್ರ ಪರದೆಗೆ ಮಾತ್ರ ಎಂದಾದರೆ ಎಸ್‌ಆರ್‌ಜಿಬಿ ಎಂಬ ಬಣ್ಣದ ಮಾನದಂಡ ಸಾಕು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ್ದು ಇದು, ಇವತ್ತಿಗೂ ವೆಬ್‌ನ ಮಾಮೂಲಿ ಬಣ್ಣ ಇದೇ. ಇದಕ್ಕಿಂತ ಹೆಚ್ಚು ಬಣ್ಣ ಹಿಡಿಸುವ ಅಡೋಬಿ ಆರ್‌ಜಿಬಿಯಲ್ಲಿ ಮಾಡಿದ ಚಿತ್ರವನ್ನು ಪ್ರೊಫೈಲ್ ಸೇರಿಸದೆ ಹಾಕಿದರೆ ಬಣ್ಣ ಮಂಕಾಗುತ್ತದೆ.

ಇನ್ನು ಡಿಪಿಐ, ಅಂದರೆ ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಅಂಕಿ. ‘ಪರದೆಗೆ 72 ಡಿಪಿಐ ಇರಲಿ’ ಎಂದು ಇನ್ನೂ ಹೇಳುವವರಿದ್ದಾರೆ. 1984ರ ಮ್ಯಾಕಿಂಟಾಷ್ ಪರದೆಯಲ್ಲಿ ಇಂಚಿಗೆ 72 ಪಿಕ್ಸೆಲ್ ಇತ್ತು, ಆ ಅಂಕಿ ಅಲ್ಲಿಂದ ಅಂಟಿಕೊಂಡು ಬಂತು. 1000 ಪಿಕ್ಸೆಲ್ ಅಗಲದ ಚಿತ್ರಕ್ಕೆ 72 ಎಂದು ಬರೆದರೂ 300 ಎಂದು ಬರೆದರೂ ಪರದೆಯ ಮೇಲೆ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಪ್ರಿಂಟ್‌ಗೆ ಹೋಗುವಾಗ ಮಾತ್ರ ಲೆಕ್ಕ ಬೇಕು. ಎ4 ಹಾಳೆಗೆ ಇಂಚಿಗೆ 300ರಂತೆ 2480 × 3508 ಪಿಕ್ಸೆಲ್. ಅಂದರೆ ಸುಮಾರು 87 ಲಕ್ಷ ಪಿಕ್ಸೆಲ್, ಒಂದೊಂದಕ್ಕೆ 4 ಬೈಟ್. ಪೂರ್ತಿ ತುಂಬಿದ ಒಂದು ಲೇಯರಿಗೆ ಹತ್ತಿರ ಹತ್ತಿರ 35 ಎಂಬಿ ಮೆಮೊರಿ. ಇಂಥ 40 ಲೇಯರ್ ಆದರೆ 1.4 ಜಿಬಿ, ಬಣ್ಣಕ್ಕೆ ಮಾಮೂಲಿ 8 ಬಿಟ್ ಬದಲು 16 ಬಿಟ್ ಆರಿಸಿದ್ದರೆ ಅದರ ಎರಡರಷ್ಟು. ಐಪ್ಯಾಡ್‌ನಲ್ಲಿ ಚಿತ್ರ ಬರೆಯುವ ಪ್ರೊಕ್ರಿಯೇಟ್ ಆ್ಯಪ್ ದೊಡ್ಡ ಕ್ಯಾನ್ವಾಸಿಗೆ ಕಡಿಮೆ ಲೇಯರ್ ಕೊಡುವುದೂ ಇದೇ ಕಾರಣಕ್ಕೆ. ಬ್ರಷ್ ತಡವರಿಸುತ್ತಿದೆ ಎಂದು ಹೊಸ ಯಂತ್ರ ಕೊಳ್ಳುವ ಮುಂಚೆ ಈ ಗುಣಾಕಾರ ಮಾಡಿ ನೋಡಿ.

ಸಾಫ್ಟ್‌ವೇರ್ ಯಾವುದು ಅನ್ನುವ ಪ್ರಶ್ನೆಗೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ದುಡ್ಡು ಕೊಡದೆ ಶುರು ಮಾಡಬೇಕೆಂದರೆ ಬಣ್ಣ ಬಳಿಯಲು ಕ್ರಿಟಾ, ಲೋಗೊಗೆ ಇಂಕ್‌ಸ್ಕೇಪ್, ಫೋಟೊ ತಿದ್ದಲು ಜಿಂಪ್. ಬ್ಲೆಂಡರ್ ಮಾತ್ರ ಎಲ್ಲರಿಗೂ ಹೇಳುತ್ತೇನೆ, ಮೂರು ಆಯಾಮದ ಕೆಲಸ ಮಾಡದವರಿಗೂ. ಬೀದಿಯೊಂದರ ಚಿತ್ರ ಬರೆಯಬೇಕೇ? ಅದರಲ್ಲಿ ಹತ್ತು ಡಬ್ಬಗಳನ್ನು ಮನೆಗಳಂತೆ ನಿಲ್ಲಿಸಿ, ಕ್ಯಾಮೆರಾ ಬೇಕಾದ ಕಡೆ ಇಟ್ಟು ಒಂದು ಚಿತ್ರ ತೆಗೆದುಕೊಂಡು ಅದರ ಮೇಲೆ ಬರೆಯಿರಿ. ಪರ್ಸ್‌ಪೆಕ್ಟಿವ್ (ದೂರ ಹೋದಂತೆ ಚಿಕ್ಕದಾಗಿ ಕಾಣುವ ಲೆಕ್ಕ) ತಾನಾಗೇ ಕೂರುತ್ತದೆ. (2002ರಲ್ಲಿ ಬಳಕೆದಾರರು 1 ಲಕ್ಷ ಯೂರೊ ಕೂಡಿಸಿ ಈ ಬ್ಲೆಂಡರಿನ ಸೋರ್ಸ್ ಕೋಡನ್ನು ಬಿಡಿಸಿಕೊಂಡರು. ನನಗೆ ಆ ಕಥೆಯೂ ಇಷ್ಟ.) ನೋಡಿ ಬರೆಯಲು ಇಟ್ಟುಕೊಳ್ಳುವ ಫೋಟೊಗಳನ್ನೆಲ್ಲ ಒಂದೇ ಹಲಗೆಯ ಮೇಲೆ ಹರಡಿಕೊಳ್ಳಲು ಪ್ಯೂರ್‌ರೆಫ್ ಇದೆ.

ಕೊನೆಗೆ ಸೇವ್ ಮಾಡುವುದು. ಬೇರೆಯವರಿಗೆ ಕಳಿಸಲು ಜೆಪೆಗ್ ಆಗಬಹುದು, ನಿಮ್ಮ ಹತ್ತಿರ ಇರಬೇಕಾದದ್ದು ಲೇಯರ್‌ಗಳಿರುವ ಮೂಲ ಫೈಲು. ಜೆಪೆಗ್ ತೆರೆದು ತಿದ್ದಿ ಮತ್ತೆ ಜೆಪೆಗ್ ಮಾಡಿದಷ್ಟು ಸಲವೂ ಚಿತ್ರ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಮೂಲ ಫೈಲನ್ನೂ ಒಂದರ ಮೇಲೊಂದು ಸೇವ್ ಮಾಡುತ್ತಾ ಹೋಗಬೇಡಿ. ಕ್ರಿಟಾದಲ್ಲಿ ಕಂಟ್ರೋಲ್, ಆಲ್ಟ್, ಎಸ್ ಒಟ್ಟಿಗೆ ಒತ್ತಿದರೆ 001, 002 ಎಂದು ಹೊಸ ಫೈಲು ತಾನಾಗಿ ಆಗುತ್ತದೆ. ಬೇರೆ ಕಡೆ ಕೈಯಿಂದಲೇ ಅಂಕಿ ಹಾಕಿ. ಊಟಕ್ಕೆ ಏಳುವಾಗ ಒಂದು, ದಿನದ ಕೆಲಸ ಮುಗಿದಾಗ ಒಂದು. ಮುಖಪುಟವೊಂದಕ್ಕೆ ಹನ್ನೊಂದು ಸಲ ತಿದ್ದಿ ಕಳಿಸಿದ ಮೇಲೆ ಗಿರಾಕಿ ಫೋನ್ ಮಾಡಿ, “ಮೊದಲು ತೋರಿಸಿದ್ರಲ್ಲ, ಅದೇ ಚೆನ್ನಾಗಿತ್ತು” ಎಂದರು. ಎರಡು ನಿಮಿಷದಲ್ಲಿ 002 ಕಳಿಸಿದೆ.