ಟಿವಿಲಿ ಹೇಳ್ಕೊಟ್ಟ ಚೀಟ್ ಕೋಡ್‌ಗಳು ಗೇಮ್ ಒಳಗೆ ಏನ್ ಮಾಡ್ತಿದ್ವು?

1992ರ ಜನವರಿಲಿ ಬ್ರಿಟನ್ನಿನ ಚಾನೆಲ್ 4ನಲ್ಲಿ ಗೇಮ್ಸ್‌ಮಾಸ್ಟರ್ ಅನ್ನೋ ಶೋ ಶುರುವಾಯ್ತು, ಪೂರ್ತಿ ವಿಡಿಯೋ ಗೇಮ್ ಬಗ್ಗೇನೇ. ಡೊಮಿನಿಕ್ ಡೈಮಂಡ್ ನಿರೂಪಕ, ಮೊದಲನೇ ಸೀಸನ್ ಶೂಟಿಂಗ್ ನಡೆದಿದ್ದು ಲಂಡನ್ನಿನ ಒಂದು ಹಳೇ ಚರ್ಚ್ ಒಳಗೆ, ಚಾಲೆಂಜ್ ಗೆದ್ದೋರಿಗೆ ಚಿನ್ನದ ಬಣ್ಣದ ಜಾಯ್‌ಸ್ಟಿಕ್ ಬಹುಮಾನ. ಇದೆಲ್ಲ ಸರಿ, ಆದ್ರೆ ಆ ಶೋನಲ್ಲಿ ನಂಗೆ ತುಂಬಾ ಇಷ್ಟ ಆಗೋ ಭಾಗ ಬೇರೆ. ಯಾವುದೋ ಲೆವೆಲ್‌ನಲ್ಲಿ ಸಿಕ್ಕಾಕೊಂಡಿರೋ ಹುಡುಗ್ರು ಬಂದು ಈ ಬಾಸ್‌ನ ಹೊಡೆಯೋದು ಹೇಗೆ, ಲೈಫ್, ಅಂದ್ರೆ ಸತ್ರೂ ಮತ್ತೆ ಆಡೋ ಅವಕಾಶ, ಜಾಸ್ತಿ ಮಾಡ್ಕೊಳ್ಳೋದು ಹೇಗೆ ಅಂತ ಕೇಳೋರು, ಅದಕ್ಕೆ ಸ್ಕ್ರೀನ್ ಮೇಲೆ ತೇಲ್ತಿರೋ ಒಂದು ದೊಡ್ಡ ತಲೆ ಗಂಭೀರವಾಗಿ ಉತ್ತರ ಹೇಳೋದು. ಆ ತಲೆ ಯಾರದ್ದು ಗೊತ್ತಾ? ಪ್ಯಾಟ್ರಿಕ್ ಮೂರ್ ಅವರದ್ದು. 1957ರಿಂದ 2012ರಲ್ಲಿ ತೀರಿಕೊಳ್ಳೋವರೆಗೂ ಬಿಬಿಸಿಯಲ್ಲಿ ಒಂದೇ ಖಗೋಳ ಕಾರ್ಯಕ್ರಮ ನಡೆಸಿಕೊಟ್ಟ, ಚಂದ್ರ ಗ್ರಹಗಳ ಬಗ್ಗೆ ರಾಶಿ ಪುಸ್ತಕ ಬರೆದ, ಒಂದೇ ಕಣ್ಣಿಗೆ ಗಾಜು ಹಾಕ್ಕೊಳ್ತಿದ್ದ ಅದೇ ಮೂರ್.

ಹತ್ತು ವರ್ಷ ಆದ್ಮೇಲೆ, 2002ರಲ್ಲಿ, ಅಮೆರಿಕದಲ್ಲಿ ಜಿ4 ಅಂತ ಗೇಮಿಂಗ್‌ಗೇ ಒಂದು ಕೇಬಲ್ ಚಾನೆಲ್ ಬಂತು, ಅದ್ರಲ್ಲಿ 'ಚೀಟ್!' ಅನ್ನೋ ಹೆಸರಲ್ಲೇ ಒಂದು ಶೋ, ಕೆಲಸ ಅದೇ, ಚೀಟ್ ಕೋಡ್, ಅಂದ್ರೆ ಆಟ ಸುಲಭ ಮಾಡೋ ಗುಟ್ಟಿನ ಬಟನ್ ಸಾಲು ಇಲ್ಲಾ ಪದ, ಹೇಳೋದು, ಸ್ಟ್ರಾಟಜಿ ತೋರ್ಸೋದು. ಯಾವ ಬಟನ್ ಒತ್ತಬೇಕು ಅಂತ ಈ ಶೋಗಳು ಚೆನ್ನಾಗೇ ಹೇಳಿಕೊಡ್ತಿದ್ವು. ಒತ್ತಿದಾಗ ಒಳಗೆ ಏನಾಗುತ್ತೆ ಅನ್ನೋದು ಮಾತ್ರ ಅವುಗಳ ಕೆಲಸ ಆಗಿರ್ಲಿಲ್ಲ, ಅದಕ್ಕೆ ಟೈಮೂ ಇರ್ಲಿಲ್ಲ. ನನ್ನ ಪ್ರಕಾರ ನಿಜವಾದ ಮಜಾ ಇರೋದೇ ಅಲ್ಲಿ. ಕಂಪ್ಯೂಟರ್ ಹೇಗೆ ಕೆಲಸ ಮಾಡುತ್ತೆ ಅಂತ ಮಕ್ಕಳಿಗೆ ಹೇಳೋಕೆ ಚೀಟ್ ಕೋಡ್‌ಗಿಂತ ಒಳ್ಳೆ ದಾರಿ ನಂಗಂತೂ ಗೊತ್ತಿಲ್ಲ.

ಎಲ್ರಿಗೂ ಗೊತ್ತಿರೋದ್ರಿಂದಾನೇ ಶುರು ಮಾಡೋಣ. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ. ಕೊನಾಮಿ ಕಂಪನಿಯ ಕಝುಹಿಸಾ ಹಾಶಿಮೊಟೊ ಅನ್ನೋರು ಗ್ರೇಡಿಯಸ್ ಅನ್ನೋ ಗೇಮ್‌ನ ಟಿವಿಗೆ ಸಿಕ್ಕಿಸಿ ಆಡೋ ನಿಂಟೆಂಡೊ ಮಷಿನ್‌ಗೆ ತರ್ತಾ ಇದ್ರು, ಅದು 1986ರಲ್ಲಿ ಬಂತು. ಗೇಮ್ ಎಷ್ಟು ಕಷ್ಟ ಅಂದ್ರೆ ಟೆಸ್ಟ್ ಮಾಡೋಕೆ ಕೂತ್ರೆ ಅವ್ರಿಗೇ ಮುಂದಿನ ಲೆವೆಲ್ ತಲುಪೋಕೆ ಆಗ್ತಿರ್ಲಿಲ್ಲ, ಹಾಗಾಗಿ ಎಲ್ಲಾ ಪವರ್ ಒಟ್ಟಿಗೆ ಸಿಗೋ ಥರ ಒಂದು ಗುಟ್ಟಿನ ಬಟನ್ ಸಾಲು ಇಟ್ಕೊಂಡ್ರು, ಗೇಮ್ ಮಾರ್ಕೆಟ್‌ಗೆ ಬಂದ್ಮೇಲೂ ಅದು ಒಳಗೇ ಉಳ್ಕೊಂಡ್ತು. ಆಮೇಲೆ ಅದೇ ಸಾಲು ಕಾಂಟ್ರಾ ಗೇಮ್‌ನಲ್ಲಿ 30 ಲೈಫ್ ಕೊಡೋಕೆ ಶುರು ಮಾಡ್ತು. ನಮ್ಮಲ್ಲಿ 90ರ ದಶಕದಲ್ಲಿ ಮನೆಗಳಿಗೆ ಬಂದಿದ್ದು ಒರಿಜಿನಲ್ ನಿಂಟೆಂಡೊ ಅಲ್ಲ, ಅದರ ನಕಲು ಬಾಕ್ಸ್‌ಗಳು, ಅದನ್ನ ಟಿವಿ ಗೇಮ್ ಅಂತಾನೇ ಕರೀತಿದ್ವಿ, ಕಾರ್ಟ್ರಿಡ್ಜ್‌ಗೆ ಕ್ಯಾಸೆಟ್ ಅಂತ. ಈ ಕೋಡ್ ಹೇಳಿಕೊಡೋ ಶೋ ನಮ್ಮ ಟಿವಿಲಿ ಇರ್ಲಿಲ್ಲ, ಅಕ್ಕನಿಂದ ತಮ್ಮಂಗೆ, ಪಕ್ಕದ ಮನೆ ಹುಡುಗನಿಂದ ಇಡೀ ಬೀದಿಗೆ ಬಾಯಿಂದ ಬಾಯಿಗೇ ಹೋಗ್ತಿತ್ತು.

ಒಳಗೆ ಏನಾಗುತ್ತೆ ಅಂದ್ರೆ, ಗೇಮ್ ಸೆಕೆಂಡಿಗೆ ಸುಮಾರು 60 ಸಲ ಯಾವ ಬಟನ್ ಒತ್ತಿದೆ ಅಂತ ನೋಡ್ತಾ ಇರುತ್ತೆ. ಮೆಮೊರಿಯಲ್ಲಿ ಒಂದು ಪುಟ್ಟ ಲೆಕ್ಕ, ಶುರುವಿನಲ್ಲಿ ಸೊನ್ನೆ. ಮೊದಲು 'ಮೇಲೆ' ಬಂದ್ರೆ ಅದು 1 ಆಗುತ್ತೆ, ಮತ್ತೆ 'ಮೇಲೆ' ಬಂದ್ರೆ 2, ಆಮೇಲೆ 'ಕೆಳಗೆ' ಬಂದ್ರೆ 3. ಮಧ್ಯದಲ್ಲಿ ಒಂದೇ ಒಂದು ತಪ್ಪು ಬಟನ್ ಬಿತ್ತಾ, ಲೆಕ್ಕ ಹಾಳಾಯ್ತು, ಮೊದಲಿಂದ ಶುರು ಮಾಡ್ಬೇಕು. 10 ಮುಟ್ಟಿದ್ರೆ ಲೈಫ್ ಅನ್ನೋ ಜಾಗದಲ್ಲಿ ದೊಡ್ಡ ಸಂಖ್ಯೆ ಬರೀ ಅಂತ ಆಜ್ಞೆ. ಇಷ್ಟೇ. ಎಟಿಎಂನಲ್ಲಿ ಪಿನ್ ಒತ್ತೋವಾಗ, ಲಿಫ್ಟ್ ಯಾವ ಫ್ಲೋರ್‌ನಲ್ಲಿದೆ ಅಂತ ನೆನಪಿಟ್ಕೊಳ್ಳೋವಾಗ ನಡೆಯೋದೂ ಇದೇ ತತ್ವ, ಸದ್ಯದ ಸ್ಥಿತಿ ಯಾವುದು, ಈಗ ಏನ್ ಬಂತು, ಮುಂದಿನ ಸ್ಥಿತಿ ಯಾವುದು. ಇಂಜಿನಿಯರಿಂಗ್ ಓದಿರೋರಿಗೆ ಸ್ಟೇಟ್ ಮಷಿನ್ ಅಂದ್ರೆ ನೆನಪಾಗುತ್ತೆ.

ಈಗ ಆ ಲೈಫ್ ಅನ್ನೋ ಜಾಗದ ವಿಷಯಕ್ಕೆ ಬರೋಣ, ಮುಖ್ಯವಾದ ಮಾತು ಇರೋದು ಇಲ್ಲೇ. 1985ರ ಸೂಪರ್ ಮಾರಿಯೋ ಬ್ರದರ್ಸ್ ತಗೊಳ್ಳಿ. 3-1 ಲೆವೆಲ್ ಕೊನೇಲಿ ಮೆಟ್ಟಿಲ ಮೇಲಿಂದ ಆಮೆ ಇಳಿದು ಬರುತ್ತೆ, ಸರಿಯಾದ ಜಾಗದಲ್ಲಿ ಅದರ ಚಿಪ್ಪಿನ ಮೇಲೆ ಕುಣೀತಾ ಇದ್ರೆ ಲೈಫ್ ಒಂದಾದ್ಮೇಲೆ ಒಂದು ಬರ್ತಾನೇ ಇರುತ್ತೆ. ಆದ್ರೆ ಆಸೆಪಟ್ಟು ಮೆಮೊರಿಯಲ್ಲಿರೋ ಲೈಫ್ ಲೆಕ್ಕನ 128 ದಾಟಿಸಿದ್ರೆ ಮುಂದಿನ ಸಲ ಸತ್ತ ತಕ್ಷಣ ಗೇಮ್ ಓವರ್. ಯಾಕೆ? ಲೈಫ್ ಲೆಕ್ಕಕ್ಕೆ ಮೆಮೊರಿಯಲ್ಲಿ ಕೊಟ್ಟಿರೋದು ಒಂದೇ ಬೈಟ್, ಅಂದ್ರೆ 8 ಬಿಟ್ (ಒಂದೊಂದು ಬಿಟ್ 0 ಇಲ್ಲಾ 1), ಅದ್ರಲ್ಲಿ 0ಯಿಂದ 255ರವರೆಗೆ ಹಿಡಿಯುತ್ತೆ. ಆದ್ರೆ ಪ್ರೊಸೆಸರ್‌ಗೆ ಇನ್ನೊಂದು ರೂಢಿ ಇದೆ, ಮೊದಲ ಬಿಟ್ 1 ಇದ್ರೆ ಆ ಸಂಖ್ಯೆನ ಮೈನಸ್ ಅಂತ ಓದ್ಬಹುದು, ಹಂಗೆ ಓದಿದ್ರೆ 127 ಆದ್ಮೇಲೆ ಬರೋದು 128 ಅಲ್ಲ, ಮೈನಸ್ 128. ಮಾರಿಯೋ ಸತ್ತಾಗ ಗೇಮ್ ಮಾಡೋದು ಎರಡೇ ಕೆಲಸ. ಲೈಫ್‌ನಲ್ಲಿ ಒಂದು ಕಮ್ಮಿ ಮಾಡು, ಉಳಿದಿದ್ದು ಮೈನಸ್ ಅಲ್ಲ ತಾನೆ ನೋಡು. ಮೈನಸ್ ಆಗಿದ್ರೆ ಆಟ ಮುಗೀತು. ಬರೆದೋರು ಯಾರೂ ನೂರಾರು ಲೈಫ್ ಕೂಡಿಡ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ, ಅದಕ್ಕೇ ಈ ಪರೀಕ್ಷೆ ಸಾಕಾಗಿತ್ತು.

ಈ 'ಒಂದು ಕಮ್ಮಿ ಮಾಡು' ಅನ್ನೋ ಆಜ್ಞೆ ಮೇಲೆ ಕಣ್ಣಿಡಿ, ಆ ಕಾಲದ ಇನ್‌ಫಿನಿಟ್ ಲೈಫ್ ಚೀಟ್‌ಗಳು ಕೈ ಹಾಕೋದು ಹೆಚ್ಚಾಗಿ ಇದರ ಮೇಲೇನೇ. ಬ್ರಿಟನ್ನಿನಲ್ಲಿ 80ರ ದಶಕದಲ್ಲಿ ಮನೆಮನೆಗೂ ಬಂದ ಝೆಡ್‌ಎಕ್ಸ್ ಸ್ಪೆಕ್ಟ್ರಮ್ ಕಂಪ್ಯೂಟರ್‌ನಲ್ಲಿ ಗೇಮ್ ಬರ್ತಿದ್ದಿದ್ದು ಆಡಿಯೋ ಕ್ಯಾಸೆಟ್‌ನಲ್ಲಿ, ಲೋಡ್ ಆದ್ಮೇಲೆ ಅದು ಸಾಮಾನ್ಯ ಮೆಮೊರಿಯಲ್ಲಿ ಕೂತಿರುತ್ತೆ, ಬೇಕಾದ್ರೆ ತಿದ್ದಬಹುದು. 1983ರ ಮ್ಯಾನಿಕ್ ಮೈನರ್ ಗೇಮ್‌ಗೆ ಒಂದು ಫೇಮಸ್ ಚೀಟ್ ಇತ್ತು, 'ಪೋಕ್ 35136, 0'. ಅಂದ್ರೆ 35136ನೇ ಜಾಗದಲ್ಲಿ ಸೊನ್ನೆ ಬರೀ ಅಂತ. ಆ ಜಾಗದಲ್ಲಿ ಇದ್ದಿದ್ದು 53, ಆ ಪ್ರೊಸೆಸರ್ ಭಾಷೇಲಿ 53 ಅಂದ್ರೆ ಒಂದು ಕಮ್ಮಿ ಮಾಡು, ಸೊನ್ನೆ ಅಂದ್ರೆ ಏನೂ ಮಾಡ್ಬೇಡ, ಮುಂದಕ್ಕೆ ಹೋಗು. ಒಂದೇ ಒಂದು ಬೈಟ್ ಬದಲಾಯ್ತು, ಹೀರೋ ಎಷ್ಟು ಸಲ ಸತ್ರೂ ಲೈಫ್ ಕಮ್ಮಿ ಆಗಲ್ಲ.

ನಿಂಟೆಂಡೊದಲ್ಲಿ ಇದು ನಡೆಯಲ್ಲ, ಯಾಕಂದ್ರೆ ಅಲ್ಲಿ ಗೇಮ್ ಇರೋದು ತಿದ್ದೋಕಾಗೋ ಮೆಮೊರಿಯಲ್ಲಲ್ಲ, ಕಾರ್ಟ್ರಿಡ್ಜ್ ಒಳಗಿನ, ಓದೋಕೆ ಮಾತ್ರ ಆಗೋ ಚಿಪ್‌ನಲ್ಲಿ. ಅದಕ್ಕೆ ಕೋಡ್‌ಮಾಸ್ಟರ್ಸ್ ಅನ್ನೋ ಬ್ರಿಟಿಷ್ ಕಂಪನಿಯೋರು 1990ರಲ್ಲಿ ಗೇಮ್ ಜೀನಿ ಅನ್ನೋ ಸಾಧನ ಮಾಡಿದ್ರು. ಕಾರ್ಟ್ರಿಡ್ಜ್‌ಗೂ ಮಷಿನ್‌ಗೂ ಮಧ್ಯ ಅದನ್ನ ಸಿಕ್ಕಿಸ್ಬೇಕು. ಇಬ್ಬರ ನಡುವೆ ಕೂತು ಒಂದೇ ಒಂದು ಪದ ಬದಲಾಯಿಸಿ ಹೇಳೋ ದುಭಾಷಿ ಥರ ಅದು. ಪ್ರೊಸೆಸರ್ ಒಂದು ನಿರ್ದಿಷ್ಟ ಜಾಗದ ಬೈಟ್ ಕೇಳಿದಾಗ ಮಾತ್ರ ಬೇರೆ ಉತ್ತರ ಕೊಡುತ್ತೆ, ಉಳಿದಿದ್ದೆಲ್ಲ ಇದ್ದ ಹಾಗೇ ದಾಟಿಸುತ್ತೆ. ಮಾರಿಯೋದಲ್ಲಿ ಲೈಫ್ ಕಮ್ಮಿ ಆಗದ ಹಾಗೆ ಮಾಡೋಕೆ ಅದರ ಕೋಡ್ 'ಎಸ್ ಎಕ್ಸ್ ಐ ಓ ಪಿ ಓ'. ನೋಡೋಕೆ ಮಂತ್ರದ ಥರ ಇದ್ರೂ ಒಳಗಡೆ ಲೆಕ್ಕ ಇದೆ, ಒಟ್ಟು 16 ಅಕ್ಷರ ಮಾತ್ರ ಬಳಸ್ತಾರೆ, ಒಂದೊಂದು ಅಕ್ಷರ 4 ಬಿಟ್, 6 ಅಕ್ಷರ ಸೇರಿ 24 ಬಿಟ್, ಅಷ್ಟರಲ್ಲಿ ಯಾವ ಜಾಗ ಅನ್ನೋದಕ್ಕೆ 15 ಮತ್ತೆ ಯಾವ ಸಂಖ್ಯೆ ಅನ್ನೋದಕ್ಕೆ 8 ಬಿಟ್ ಕೂತ್ಕೊಳ್ಳುತ್ತೆ. ಬಿಡಿಸಿ ನೋಡಿದ್ರೆ ಅದು ತೋರ್ಸೋ ಜಾಗ ಮಾರಿಯೋ ಸತ್ತಾಗ ನಡೆಯೋ ಅದೇ 'ಒಂದು ಕಮ್ಮಿ ಮಾಡು'. ಅಲ್ಲಿರೋ 206ರ ಬದಲು 173 ಹೋಗುತ್ತೆ, 173 ಅಂದ್ರೆ ಲೈಫ್ ಎಷ್ಟಿದೆ ಸುಮ್ನೆ ಓದು ಅಂತ. ಕಳೆಯೋ ಆಜ್ಞೆ ಓದೋ ಆಜ್ಞೆ ಆಯ್ತು! ಓದಿದ ಸಂಖ್ಯೆ ಮೈನಸ್ ಅಲ್ಲ, ಹಾಗಾಗಿ ಗೇಮ್ ಏನೂ ಅನುಮಾನ ಪಡದೆ ಮುಂದುವರಿಯುತ್ತೆ. ಇದನ್ನ ಮೊದಲ ಸಲ ಬಿಡಿಸಿ ನೋಡಿದಾಗ ಎಷ್ಟು ಚೆಂದ ಅನ್ನಿಸ್ತು ಅಂದ್ರೆ, ಒಂದು ಒಳ್ಳೆ ಗಣಿತದ ಪ್ರೂಫ್ ಓದಿದ ಖುಷಿ. ಗೇಮ್ ಜೀನಿ ವಿಷಯಕ್ಕೆ ಅಮೆರಿಕದಲ್ಲಿ ನಿಂಟೆಂಡೊಗೂ, ಅಲ್ಲಿ ಅದನ್ನ ಮಾರ್ತಿದ್ದ ಗಲೂಬ್ ಕಂಪನಿಗೂ ಕೋರ್ಟಲ್ಲಿ ಕೇಸ್ ನಡೀತು, ಗಲೂಬೇ ಗೆಲ್ತು, 1992ರಲ್ಲಿ ಮೇಲ್ಮನವಿ ಕೋರ್ಟ್ ಕೂಡ ಅದನ್ನೇ ಎತ್ತಿಹಿಡೀತು.

ಇನ್ನು ನಮ್ಮ ಸೈಬರ್ ಕೆಫೆ ಪೀಳಿಗೆಗೆ ಬಾಯಿಪಾಠ ಆಗಿರೋ ಹೆಸೋಯಾಮ್. ಜಿಟಿಎ ಸ್ಯಾನ್ ಆಂಡ್ರಿಯಾಸ್ ಅನ್ನೋ ಗೇಮ್‌ನಲ್ಲಿ ಈ ಪದ ಟೈಪ್ ಮಾಡಿದ್ರೆ ಹೆಲ್ತ್ ಫುಲ್, ಜೊತೆಗೆ ಎರಡೂವರೆ ಲಕ್ಷ ಡಾಲರ್. ಆ ಪದಕ್ಕೆ ಅರ್ಥ ಏನು ಅಂತ ತಲೆ ಕೆಡಿಸ್ಕೊಂಡೋರಿಗೆ ಉತ್ತರ, ಅರ್ಥಾನೇ ಇಲ್ಲ. 2005ರಲ್ಲಿ ಬಂದ ಪಿಸಿ ಗೇಮ್ ಒಳಗೆ ಚೀಟ್ ಪದಗಳನ್ನ ಬರೆದೇ ಇಟ್ಟಿಲ್ಲ, ಪದದ ಅಕ್ಷರಗಳನ್ನ ಸಿಆರ್‌ಸಿ-32 ಅನ್ನೋ ಲೆಕ್ಕಕ್ಕೆ ಹಾಕಿ ಬಂದ 32 ಬಿಟ್ ಸಂಖ್ಯೆ ಮಾತ್ರ ಇಟ್ಟಿದ್ದಾರೆ. ನೀವು ಟೈಪ್ ಮಾಡಿದ್ದನ್ನೂ ಅದೇ ಲೆಕ್ಕಕ್ಕೆ ಹಾಕಿ ಸಂಖ್ಯೆ ಹೊಂದುತ್ತಾ ಅಂತ ನೋಡುತ್ತೆ. ಫೈಲ್ ತೆರೆದು ಹುಡುಕಿದ್ರೆ ಪದ ಸಿಗಲ್ಲ, ಹಾಗಾಗಿ ಪ್ರೋಗ್ರಾಂ ಬರೆದು ಅಕ್ಷರಗಳ ಜೋಡಣೆನ ಒಂದೊಂದೇ ಲೆಕ್ಕಕ್ಕೆ ಹಾಕಿ ಹುಡುಕಿದ್ರು. 32 ಬಿಟ್‌ನಲ್ಲಿ ಸಾಧ್ಯ ಇರೋ ಸಂಖ್ಯೆಗಳು ಸುಮಾರು 429 ಕೋಟಿ, ಆದ್ರೆ 26 ಇಂಗ್ಲಿಷ್ ಅಕ್ಷರದಲ್ಲಿ 7 ಅಕ್ಷರದ ಜೋಡಣೆಗಳೇ 803 ಕೋಟಿ ಇವೆ. ಅಂದ್ರೆ ನಿಜವಾದ ಪದ ಎಷ್ಟೇ ಉದ್ದ ಇರ್ಲಿ, ಅದೇ ಸಂಖ್ಯೆ ಕೊಡೋ ಏಳಕ್ಷರದ ಇನ್ನೊಂದು ಪದ ಸಿಗೋ ಚಾನ್ಸ್ ತುಂಬಾ ಜಾಸ್ತಿ. ಹೆಸೋಯಾಮ್ ಹಂಗೆ ಸಿಕ್ಕಿದ್ದು. 'ಐ ನೀಡ್ ಸಮ್ ಹೆಲ್ಪ್' ಅಂತ ಸ್ಪೇಸ್ ಇಲ್ದೆ ಟೈಪ್ ಮಾಡಿ ನೋಡಿ, ಅದೂ ಅದೇ ಕೆಲಸ ಮಾಡುತ್ತೆ. ಪಾಸ್‌ವರ್ಡ್‌ಗೆ ಇಂಥ ಸುಲಭದ ಲೆಕ್ಕ ಯಾಕೆ ಬಳಸಬಾರದು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ.

ಆನ್‌ಲೈನ್ ಗೇಮ್‌ಗಳಲ್ಲಿ ಈಗ ಇದೆಲ್ಲ ನಡೆಯಲ್ಲ, ಹೆಲ್ತ್ ದುಡ್ಡು ಎಲ್ಲ ಸಾಮಾನ್ಯವಾಗಿ ಕಂಪನಿ ಸರ್ವರ್‌ನಲ್ಲಿ ಇರುತ್ತೆ, ನಿಮ್ಮ ಫೋನ್‌ನಲ್ಲಿ ಕಾಣೋದು ಅದರ ಕಾಪಿ ಅಷ್ಟೇ, ಇಲ್ಲಿ ತಿದ್ದಿದ್ರೆ ಅಲ್ಲಿ ಬದಲಾಗಲ್ಲ. ಗೋಡೆ ಆಚೆ ನೋಡೋ ಹ್ಯಾಕ್ ಹಾಕ್ಕೊಂಡು ಬೇರೆಯೋರ ಆಟ ಕೆಡಿಸೋದನ್ನ ನಾನಂತೂ ಇದರ ಜೊತೆ ಸೇರ್ಸಲ್ಲ, ಅದು ಮೋಸಾನೇ.

ಕಲಿಯೋಕೆ ಹಳೇ ಗೇಮೇ ಸಾಕು. ಎಮ್ಯುಲೇಟರ್ ಅಂದ್ರೆ ಹಳೇ ಮಷಿನ್ ಥರ ನಡ್ಕೊಳ್ಳೋ ಪ್ರೋಗ್ರಾಂ, ಮೆಮೊರಿ ತೋರ್ಸೋ ಅಂಥದ್ರಲ್ಲಿ ಮಾರಿಯೋ ಹಾಕಿ 075ಎ ಅನ್ನೋ ಜಾಗ ನೋಡಿ. 3 ಲೈಫ್‌ನಿಂದ ಶುರುವಾದಾಗ ಅಲ್ಲಿ 2 ಇರುತ್ತೆ, ಸಾಯ್ತಾ ಹೋದ್ರೆ 1, 0, ಆಮೇಲೆ ಮೈನಸ್ 1 ಅಲ್ಲ, 255, ಅಲ್ಲಿಗೆ ಗೇಮ್ ಓವರ್. ಹೊಸ ಆಟ ಶುರು ಮಾಡಿ ಆ ಜಾಗದಲ್ಲಿ 128 ಬರೆದು ಬೇಕಂತಲೇ ಗುಂಡಿಗೆ ಬೀಳಿ, ಆಟ ಮುಂದುವರಿಯುತ್ತೆ. 129 ಬರೆದು ಬೀಳಿ, ಅಷ್ಟು ಲೈಫ್ ಇದ್ರೂ ಅಲ್ಲೇ ಮುಗಿಯುತ್ತೆ. ಎಮ್ಯುಲೇಟರ್ ಹೆಕ್ಸ್‌ನಲ್ಲೇ, ಅಂದ್ರೆ ಹತ್ತರ ಬದಲು ಹದಿನಾರರ ಲೆಕ್ಕದ ಸಂಖ್ಯೆಯಲ್ಲೇ, ಕೇಳಿದ್ರೆ ಮೊದಲನೇದಕ್ಕೆ 80, ಎರಡನೇದಕ್ಕೆ 81 ಅಂತ ಹಾಕಿ.