ಗೋವಾದ ಬೀಚ್ ನಾಯಿ ವಿಮಾನ ಹತ್ತಿದ ಕತೆ: ಬಾಗಿಲು ತೆರೆದಿದ್ದು ಯಾವಾಗ, ಬಿಗಿಯಾಗಿದ್ದು ಯಾಕೆ?

ಮೇ ತಿಂಗಳ ಕೊನೆ ಬಂತೆಂದರೆ ಗೋವಾದ ಬೀಚುಗಳಲ್ಲಿ ಶ್ಯಾಕ್, ಅಂದರೆ ಸೀಸನ್‌ಗೆ ಮಾತ್ರ ಕಟ್ಟುವ ಗುಡಿಸಲು ಹೋಟೆಲ್, ಬಿಚ್ಚುವ ಕೆಲಸ. ಬಿದಿರು, ತಟ್ಟಿ, ಕುರ್ಚಿ ಎಲ್ಲವೂ ಗಾಡಿ ಹತ್ತುತ್ತವೆ. ಕೆಲಸದವರು ಊರಿನ ಬಸ್ ಹಿಡಿಯುತ್ತಾರೆ. ನಾಯಿಗಳು ಮಾತ್ರ ಅಲ್ಲೇ ಉಳಿಯುತ್ತವೆ. ಸೀಸನ್ ಪೂರ್ತಿ ಮೀನಿನ ತಲೆ, ಚಿಕನ್ ತುಂಡು, ಟೂರಿಸ್ಟರು ಕೊಟ್ಟ ಬ್ರೆಡ್ ತಿಂದು ಬೆಳೆದವು. ಮಳೆ ಹಿಡಿದ ಮೇಲೆ ಅವನ್ನು ಕೇಳುವವರಿಲ್ಲ.

ಬಾಗಾ ಹತ್ತಿರದ ಒಂದು ಶ್ಯಾಕ್‌ನಲ್ಲಿ ಅಡುಗೆ ಮಾಡುವ ಅಣ್ಣ ಒಬ್ಬರು ನನಗೆ ಪರಿಚಯ. ಗದಗ ಜಿಲ್ಲೆ, ರೋಣದ ಕಡೆಯವರು. ಎರಡು ಮರಿ ಸಾಕಿದ್ದರು. ಗಂಡು ಕರಿಯ, ಹೆಣ್ಣು ಕೆಂಪಿ. 'ಅಕ್ಕಾರ, ಇವಕ್ಕ ಕೊಂಕಣಿ ಬರಂಗಿಲ್ಲ, ಇಂಗ್ಲಿಷ್ ಬರಂಗಿಲ್ಲ. ಕನ್ನಡ ಅಷ್ಟ ತಿಳೀತದ' ಅನ್ನುತ್ತಿದ್ದರು. ಒಂದು ಸೀಸನ್‌ನಲ್ಲಿ ಇಂಗ್ಲೆಂಡಿನಿಂದ ಎರಡು ವಾರದ ರಜೆಗೆ ಬಂದ ಮಹಿಳೆಯೊಬ್ಬರು ಕರಿಯನನ್ನು ಕರೆದುಕೊಂಡು ಹೋಗ್ತೀನಿ ಎಂದರು. ಅಣ್ಣ ನಂಬಲಿಲ್ಲ. 'ನನಗ ಪಾಸ್‌ಪೋರ್ಟ್ ಇಲ್ಲ, ನಾಯಿಗೆ ಎಲ್ಲಿಂದ ಬರಬೇಕ್ರಿ?'

ಕರಿಯ ಹೋಗಿದ್ದಂತೂ ನಿಜ. ಆದರೆ ಆ ಮಹಿಳೆ ಊರು ಸೇರಿದ ಎಷ್ಟೋ ತಿಂಗಳ ಮೇಲೆ. ಅಷ್ಟು ತಡ ಯಾಕಾಯಿತು ಅಂತ ಹುಡುಕಿಕೊಂಡು ಹೊರಟರೆ ಕತೆ ನೂರು ವರ್ಷಕ್ಕೂ ಹಿಂದಕ್ಕೆ ಹೋಗುತ್ತದೆ. ದಾರಿಯುದ್ದಕ್ಕೂ ಸಿಗುವುದು ಒಂದೇ ಹೆಸರು: ರೇಬಿಸ್, ನಮ್ಮ ಹುಚ್ಚುನಾಯಿ ರೋಗ.

ಬ್ರಿಟನ್ ದ್ವೀಪ ದೇಶ. ಹೊರಗಿನಿಂದ ಬರುವ ನಾಯಿಯನ್ನು ತಡೆದರೆ ರೋಗವನ್ನೂ ತಡೆದ ಹಾಗೆ. ಇಪ್ಪತ್ತನೇ ಶತಮಾನದ ಶುರುವಿನಲ್ಲೇ ಅಲ್ಲಿ ಕಟ್ಟುನಿಟ್ಟು ಬಂತು. ಹೊರದೇಶದ ನಾಯಿ ಆರು ತಿಂಗಳು ಕ್ವಾರಂಟೈನ್ ಗೂಡಿನಲ್ಲಿ ಇರಲೇಬೇಕು. ರೋಗ ಹೋಯಿತು. ಆದರೆ 1918ರಲ್ಲಿ, ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, ಅದು ಮತ್ತೆ ಕಾಣಿಸಿಕೊಂಡಿತು. ಸೈನಿಕರು ಕದ್ದು ತಂದ ನಾಯಿಗಳೇ ಕಾರಣ ಎನ್ನುತ್ತಾರೆ. ಪ್ರೀತಿಯಿಂದ ತಂದ ನಾಯಿಯೇ ರೋಗವನ್ನೂ ತಂದಿತ್ತು. 1922ರ ಹೊತ್ತಿಗೆ ಅದನ್ನು ಮತ್ತೆ ಅಳಿಸಿದರು. ಆ ಭಯ ಅವರಿಗೆ ಇವತ್ತಿಗೂ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ.

ಬಾಗಿಲು ಸ್ವಲ್ಪ ಸಡಿಲವಾಗಿದ್ದು 2000ದಲ್ಲಿ, ಕೆಲವು ದೇಶಗಳಿಗೆ ಮಾತ್ರ. ಭಾರತದಿಂದ ಹೋಗುವ ನಾಯಿಗೆ ಆರು ತಿಂಗಳ ಗೂಡು ತಪ್ಪಿದ್ದು 2012ರ ಜನವರಿಯಿಂದ. ಬ್ರಿಟನ್ ಆಗ ಯುರೋಪ್ ಒಕ್ಕೂಟದ ನಿಯಮಕ್ಕೆ ಹೊಂದಿಕೊಂಡಿತು. ಗೋವಾಕ್ಕೆ ರಜೆಗೆ ಬಂದವರಿಗೆ 'ಈ ನಾಯಿ ನನ್ನ ಜೊತೆ ಬರಲಿ' ಅನ್ನೋದು ಬರೀ ಆಸೆಯಾಗಿ ಉಳಿಯದೆ, ಆಗುವ ಕೆಲಸವಾಗಿ ಕಂಡಿದ್ದು ಆಮೇಲೆಯೇ.

ಆದರೆ ಕಾಯುವುದು ತಪ್ಪಲಿಲ್ಲ. ಗೂಡಿನಲ್ಲಿ ಅಲ್ಲಿ ಕಾಯುವ ಬದಲು ಈಗ ಇಲ್ಲೇ ಕಾಯಬೇಕು. ಮೊದಲು ನಾಯಿಯ ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್. ಅದರಲ್ಲಿ 15 ಅಂಕಿಯ ನಂಬರ್. ಅದಾದ ಮೇಲೇ ರೇಬಿಸ್ ಚುಚ್ಚುಮದ್ದು. ಚಿಪ್‌ಗಿಂತ ಮೊದಲು ಕೊಟ್ಟ ಚುಚ್ಚುಮದ್ದು ಲೆಕ್ಕಕ್ಕೇ ಬರುವುದಿಲ್ಲ. ಆಮೇಲೆ ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆಯುತ್ತಾರೆ. ಒಪ್ಪಿಗೆ ಪಡೆದ ಲ್ಯಾಬ್‌ನಲ್ಲಿ ಪರೀಕ್ಷೆಯಾಗಿ, ರೋಗ ತಡೆಯುವ ಶಕ್ತಿ ಮಿಲಿಲೀಟರಿಗೆ 0.5 ಯೂನಿಟ್ ಆದರೂ ಇರಬೇಕು. ರಕ್ತ ಕೊಟ್ಟ ದಿನದಿಂದ ಇನ್ನೂ ಮೂರು ತಿಂಗಳು ಕಾಯಬೇಕು.

ರಿಪೋರ್ಟ್ ಚೆನ್ನಾಗಿದ್ದರೂ ಮೂರು ತಿಂಗಳು ಯಾಕೆ? ರೇಬಿಸ್ ಮೈಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಸುಮ್ನೆ ಕೂತಿರಬಲ್ಲದು. ಚುಚ್ಚುಮದ್ದಿಗೆ ಮೊದಲೇ ನಾಯಿಗೆ ಕಚ್ಚು ಬಿದ್ದಿದ್ದರೆ? ಅದು ಹೊರಬೀಳಲಿ ಅಂತ ಈ ಕಾಯುವಿಕೆ.

ಕರಿಯನ ರಕ್ತ ತೆಗೆದ ದಿನ ನಾನೂ ಇದ್ದೆ. ಮುಂಗಾಲಿನ ಕೂದಲು ಎರಡು ಬೆರಳಷ್ಟು ಅಗಲ ಬೋಳಿಸಿದರು. ಕಪ್ಪು ಕೂದಲ ಕೆಳಗೆ ಚರ್ಮ ಬೂದಿ ಬಣ್ಣಕ್ಕಿತ್ತು. ಅಣ್ಣ ಅದರ ಮುಖವನ್ನು ಕಂಕುಳಲ್ಲಿ ಇಟ್ಟುಕೊಂಡು 'ಏನಿಲ್ಲೋ ಮಗನ, ಏನಿಲ್ಲೋ' ಅನ್ನುತ್ತಲೇ ಇದ್ದರು. ನಾಯಿ ಅಲುಗಲಿಲ್ಲ. ಅಣ್ಣನ ಕೈ ನಡುಗುತ್ತಿತ್ತು.

ಇಷ್ಟೆಲ್ಲಾ ಖರ್ಚು, ಓಡಾಟ ಮಾಡಿ ನಮ್ಮ ಬೀದಿ ನಾಯಿಯನ್ನು ಪರದೇಶದವರು ಯಾಕೆ ಒಯ್ಯಬೇಕು? ಇದಕ್ಕೆ ಉತ್ತರ ನಮ್ಮ ಕಡೆ ಇದೆ.

ಬ್ರಿಟಿಷರ ಕಾಲದಲ್ಲಿ ಬೀದಿ ನಾಯಿಗೆ ಗೊತ್ತಿದ್ದ ಮದ್ದು ಕೊಲ್ಲುವುದೊಂದೇ. ಬಾಂಬೆಯಲ್ಲಿ ಒಂದು ನಾಯಿ ಕೊಂದರೆ 8 ಆಣೆ ಸಿಗುತ್ತಿತ್ತು. ಇದನ್ನು ವಿರೋಧಿಸಿ 1832ರ ಜೂನ್‌ನಲ್ಲಿ ಪಾರ್ಸಿಗಳು ಬೀದಿಗಿಳಿದರು, ಅಂಗಡಿ ಮುಚ್ಚಿದರು. ಅವರ ಧರ್ಮದಲ್ಲಿ ನಾಯಿಗೆ ದೊಡ್ಡ ಜಾಗ ಇದೆ, ಸತ್ತವರ ಮುಖವನ್ನು ನಾಯಿಗೆ ತೋರಿಸುವ ಪದ್ಧತಿ ಇದೆ. ಆದರೂ ಕೊಲ್ಲುವುದು ನಿಲ್ಲಲಿಲ್ಲ, ಸ್ವಾತಂತ್ರ್ಯ ಬಂದು ದಶಕಗಳಾದರೂ ನಡೆದೇ ಇತ್ತು. ದೇಶಕ್ಕೆಲ್ಲಾ ಒಂದೇ ನಿಯಮ ಬಂದಿದ್ದು 2001ರಲ್ಲಿ: ನಾಯಿ ಹಿಡಿಯಿರಿ, ಸಂತಾನಹರಣ ಮಾಡಿ, ರೇಬಿಸ್ ಚುಚ್ಚುಮದ್ದು ಕೊಡಿ, ಹಿಡಿದ ಜಾಗದಲ್ಲೇ ಬಿಡಿ. ಗೋವಾದಲ್ಲಿ ಇದರ ಮೇಲೂ ಜಗಳ ನಡೆಯಿತು. ಉಪದ್ರವ ಕೊಡುವ ನಾಯಿಯನ್ನು ಕೊಲ್ಲಬಹುದೇ ಎಂಬ ಪ್ರಶ್ನೆ ಬಾಂಬೆ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು.

'ಹಿಡಿದ ಜಾಗದಲ್ಲೇ ಬಿಡಿ' ಅನ್ನುವುದು ಗಟ್ಟಿಮುಟ್ಟಾದ ನಾಯಿಗೆ ಸರಿ. ಗಾಡಿ ಹಾಯ್ದು ಕಾಲು ಕಳೆದುಕೊಂಡದ್ದು, ಕಣ್ಣು ಹೋದದ್ದು, ತಾಯಿ ಸತ್ತ ಮರಿ, ಇವನ್ನು ಎಲ್ಲಿ ಬಿಡುವುದು? ಅವು ಆಶ್ರಯಗಳಲ್ಲಿ ಉಳಿದುಬಿಡುತ್ತವೆ. 1998ರಲ್ಲಿ ಜಾನ್ ಮತ್ತು ಜೋ ಹಿಕ್ಸ್ ಎಂಬ ಇಂಗ್ಲಿಷ್ ದಂಪತಿ ಗೋವಾದ ಅಸ್ಸಗಾಂವ್‌ನಲ್ಲಿ ಶುರು ಮಾಡಿದ ಕೇಂದ್ರದಂಥವು ಇಂಥ ಪ್ರಾಣಿಗಳಿಗೆ ಆಸರೆಯಾದವು. ಇನ್ನು ನಮ್ಮ ಜನಕ್ಕೆ ಮನೆಗೆ ಬೇಕಾಗುವುದು ಲ್ಯಾಬ್ರಡಾರ್, ಪೊಮೆರೇನಿಯನ್. ಮೂರು ಕಾಲಿನ ನಾಟಿ ನಾಯಿ ಯಾರಿಗೆ ಬೇಕು? ನನಗೆ ಇದು ನಿಜಕ್ಕೂ ನೋವಿನ ಮಾತು. ನಮ್ಮ ಹವೆಗೆ, ನಮ್ಮ ಊಟಕ್ಕೆ ಒಗ್ಗಿದ ಜಾತಿ ಅದು. ಅದನ್ನು ಬೇಡ ಅಂದವರು ನಾವು. ಬೇಕು ಅಂದವರು ಏಳೂವರೆ ಸಾವಿರ ಕಿಲೋಮೀಟರ್ ಆಚೆಯವರು.

ಈ ಬಾಗಿಲು ಎಲ್ಲಾ ಕಡೆ ತೆರೆದೇ ಉಳಿಯಲಿಲ್ಲ. 2019ರಲ್ಲಿ ಈಜಿಪ್ಟ್‌ನಿಂದ ಅಮೆರಿಕಕ್ಕೆ ದತ್ತು ಹೋದ ನಾಯಿಯೊಂದಕ್ಕೆ ರೇಬಿಸ್ ಇತ್ತು. 2021ರ ಜೂನ್‌ನಲ್ಲಿ ಅಜರ್‌ಬೈಜಾನ್‌ನಿಂದ ಬಂದ 30ಕ್ಕೂ ಹೆಚ್ಚು ಪ್ರಾಣಿಗಳ ಗುಂಪಿನಲ್ಲಿ ಇನ್ನೊಂದು ಸಿಕ್ಕಿತು. ಕೊರೋನಾ ಕಾಲದಲ್ಲಿ ಸುಳ್ಳು ಚುಚ್ಚುಮದ್ದಿನ ಕಾಗದಗಳೂ ಜಾಸ್ತಿಯಾಗಿದ್ದವು. 2021ರ ಜುಲೈ 14ರಿಂದ ಅಮೆರಿಕ 100ಕ್ಕೂ ಹೆಚ್ಚು ದೇಶಗಳ ನಾಯಿಗಳನ್ನು ತಡೆಯಿತು. ಭಾರತವೂ ಆ ಪಟ್ಟಿಯಲ್ಲಿತ್ತು. 2024ರ ಆಗಸ್ಟ್‌ನಿಂದ ಬೇರೆ ನಿಯಮ: ನಾಯಿಗೆ ಆರು ತಿಂಗಳಾದರೂ ತುಂಬಿರಬೇಕು, ಇಲ್ಲಿ ಚುಚ್ಚುಮದ್ದು ಹಾಕಿಸಿದ್ದಾದರೆ ಅಲ್ಲಿ ಗೊತ್ತುಮಾಡಿದ ಕೆಲವೇ ಏರ್‌ಪೋರ್ಟ್‌ಗಳಲ್ಲಿ ಇಳಿಯಬೇಕು. ಕೆನಡಾ ಇನ್ನೂ ಬಿಗಿ ಮಾಡಿತು. ಇರಾನ್‌ನಿಂದ ಬಂದ ಎರಡು ನಾಯಿಗಳಲ್ಲಿ ರೇಬಿಸ್ ಕಂಡಮೇಲೆ, 2022ರ ಸೆಪ್ಟೆಂಬರ್ 28ರಿಂದ ದತ್ತು ಕೊಡಲು ತರುವ ನಾಯಿಗಳನ್ನೂ ಮಾರಾಟದ ನಾಯಿಗಳ ಸಾಲಿಗೇ ಸೇರಿಸಿ ನಿಲ್ಲಿಸಿಬಿಟ್ಟಿತು. ಅಲ್ಲಿನ ಮನೆಗಳಿಗೆ ನಾಯಿ ಕಳಿಸುತ್ತಿದ್ದ ಭಾರತದ ಆಶ್ರಯಗಳಿಗೆ ಒಂದು ದೊಡ್ಡ ದಾರಿ ಮುಚ್ಚಿತು.

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗಾಗುವುದಿಲ್ಲ. ರೇಬಿಸ್ ಲಕ್ಷಣ ಕಂಡ ಮೇಲೆ ಮನುಷ್ಯ ಉಳಿಯುವುದಿಲ್ಲ ಅಂತಲೇ ಲೆಕ್ಕ. ಜಗತ್ತಿನ ರೇಬಿಸ್ ಸಾವುಗಳಲ್ಲಿ ಸುಮಾರು 36 ಶೇಕಡಾ ಭಾರತದಲ್ಲೇ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕೆ ಔಷಧ ಇರುವುದು ವಿಮಾನ ನಿಲ್ದಾಣದಲ್ಲಲ್ಲ, ಬೀದಿಯಲ್ಲಿ.

ಅದನ್ನು ಮಾಡಿ ತೋರಿಸಿದ್ದು ಇದೇ ಗೋವಾ. 2013ರಲ್ಲಿ ಶುರುವಾದ ಮಿಷನ್ ರೇಬಿಸ್ ಸಂಸ್ಥೆ ರಾಜ್ಯ ಸರ್ಕಾರದ ಜೊತೆ ಸೇರಿ ಇಲ್ಲಿ ಕೆಲಸಕ್ಕೆ ಇಳಿಯಿತು. ಬಲೆ ಹಿಡಿದ ಹುಡುಗರು ಬೆಳಿಗ್ಗೆ ಓಣಿ ಓಣಿ ಸುತ್ತುತ್ತಾರೆ. ನಾಯಿಗೆ ಚುಚ್ಚುಮದ್ದು, ತಲೆ ಮೇಲೆ ಬಣ್ಣದ ಗುರುತು, ಮೊಬೈಲ್‌ನಲ್ಲಿ ಜಾಗದ ದಾಖಲೆ. ವರ್ಷಕ್ಕೆ ಸುಮಾರು 1 ಲಕ್ಷ ನಾಯಿ. 100ರಲ್ಲಿ 70 ನಾಯಿಗೆ ಮದ್ದು ಸಿಕ್ಕರೆ ರೋಗದ ಸರಪಳಿ ಕಡಿಯುತ್ತದೆ. ನಾಯಿಗಳಲ್ಲಿ ರೇಬಿಸ್ 92 ಶೇಕಡಾ ಇಳಿಯಿತು. 2018ರಲ್ಲಿ ಇಡೀ ಗೋವಾದಲ್ಲಿ ಒಬ್ಬರೂ ರೇಬಿಸ್‌ನಿಂದ ಸಾಯಲಿಲ್ಲ. 2021ರಲ್ಲಿ ಗೋವಾವನ್ನು ರೇಬಿಸ್ ನಿಯಂತ್ರಿತ ಪ್ರದೇಶ ಎಂದು ಘೋಷಿಸಿದರು.

ಆದರೆ ಪರದೇಶದ ಪಟ್ಟಿಯಲ್ಲಿ ಗೋವಾ ಅಂತ ಬೇರೆ ಸಾಲಿಲ್ಲ. ಅಲ್ಲಿ ಇರುವುದು ಭಾರತ. ಗೋವಾದ ನಾಯಿ, ಗದಗದ ನಾಯಿ, ದಿಲ್ಲಿಯ ನಾಯಿ ಎಲ್ಲಾ ಒಂದೇ. ರೋಗಕ್ಕೂ ಗಡಿ ಇಲ್ಲ. ಕರ್ನಾಟಕ-ಗೋವಾ ನಡುವಿನ ಅನಮೋಡ್ ಘಾಟ್ ದಾಟಿ ದಿನಾ ಲಾರಿ, ಬಸ್ಸು ಓಡಾಡುತ್ತವೆ. ಊರಿಂದ ಬರುವಾಗ ನಮ್ಮವರು ಚೀಲದಲ್ಲಿ ಒಂದು ಮರಿ ತರುವುದೂ ಉಂಟು. ಹಾಗಾಗಿ ಬೆಳಗಾವಿ, ಕಾರವಾರದ ಬೀದಿಯಲ್ಲಿ ಬೀಳುವ ಚುಚ್ಚುಮದ್ದು ಗೋವಾಕ್ಕೂ ಬೇಕು.

ಕರಿಯ ಈಗ ಇಂಗ್ಲೆಂಡಿನಲ್ಲಿ ಸ್ವೆಟರ್ ಹಾಕಿಕೊಂಡಿರುವ ಫೋಟೋ ಅಣ್ಣನ ಫೋನಿನಲ್ಲಿದೆ. ಕೆಂಪಿಯನ್ನು ಯಾರೂ ಕೇಳಲಿಲ್ಲ. ಕಳೆದ ಮಳೆಗಾಲಕ್ಕೆ ಅಣ್ಣ ಅದನ್ನು ರೋಣಕ್ಕೇ ಕರೆದುಕೊಂಡು ಹೋಗುತ್ತೇನೆ ಎಂದು ಹೊರಟರು. ಗೊತ್ತಿರುವ ಲಾರಿಯವರು ಕೂರಿಸಿಕೊಳ್ಳಲು ಒಪ್ಪಿದ್ದರು. ಹೋಗುವ ಮೊದಲು ಮಾಪುಸಾದಲ್ಲಿ ಚುಚ್ಚುಮದ್ದು ಹಾಕಿಸಿದರು. ಕೊಟ್ಟ ಕಾರ್ಡನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ತಮ್ಮ ಆಧಾರ್ ಕಾರ್ಡಿನ ಜೊತೆ ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡರು. 'ಮುಂದಿನ ವರ್ಷದ್ದು ಊರಾಗ ದನದ ದವಾಖಾನ್ಯಾಗ ಹಾಕಸ್ತೀನ್ರಿ ಅಕ್ಕಾರ, ತಾರೀಖು ಬರಕೊಂಡೀನಿ' ಎಂದರು.