ಮಧುಗಿರಿ ಜಿಂಕೆ, ಟೆಕ್ಸಾಸ್ ತೋಟಾ

ಹೋದ ದೀಪಾವಳಿ ಹೊತ್ತಿಗೆ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಬಂತು. ಚಿಕ್ಕಪ್ಪನ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ, ಅವನು ಕಳಿಸಿದ್ದು. ಅವನ ಆಫೀಸಿನ ಗೆಳೆಯನೊಬ್ಬ ರೈಫಲ್ ಹಿಡಿದು ಮಂಡಿಯೂರಿ ಕೂತಿದ್ದಾನೆ. ಮುಂದೆ ಸುರುಳಿ ಕೊಂಬಿನ ಕಪ್ಪು ಗಂಡು ಜಿಂಕೆ ಬಿದ್ದಿದೆ. ಕೆಳಗೆ ಒಂದು ಸಾಲು: ‘ತೋಟಾನೂ ಅವನೇ ಮನೇಲಿ ಕೂತು ತುಂಬಿದ್ದು.’ ಮಧುಗಿರಿಯಲ್ಲಿರುವ ಚಿಕ್ಕಪ್ಪ ತಕ್ಷಣ ಕೇಳಿದರು: ‘ಏನಪ್ಪಾ ಇದು, ನಮ್ಮ ಹೊಲಕ್ಕೆ ಬರೋ ಜಿಂಕೇನೇ ಅಲ್ವಾ? ಅಲ್ಲಿ ಹೊಡೀಬಹುದಾ?’

ಹೌದು, ಅದೇ ಜಿಂಕೆ. ಕೃಷ್ಣಮೃಗ. 1932ರಲ್ಲಿ ಟೆಕ್ಸಾಸ್‌ನ ಎಡ್ವರ್ಡ್ಸ್ ಪ್ರಸ್ಥಭೂಮಿಗೆ ತಂದು ಬಿಟ್ಟರು. ಈಗ ಅಲ್ಲಿ ಸಾವಿರಾರು ಇವೆ. ಅಲ್ಲಿನ ಕಾನೂನಿಗೆ ಅದು ಹೊರಗಿನಿಂದ ಬಂದ ಪ್ರಾಣಿ. ಬೇಟೆ ಲೈಸೆನ್ಸ್ ಇದ್ದು, ಜಮೀನಿನವರು ಒಪ್ಪಿದರೆ ಸಾಕು, ವರ್ಷದ ಯಾವ ತಿಂಗಳಾದರೂ ಹೊಡೆಯಬಹುದು. (ಕೃಷ್ಣಮೃಗ ಜಿಂಕೆಯೇ ಅಲ್ಲ, ವರ್ಷವರ್ಷ ಕೊಂಬು ಉದುರಿಸುವ ಜಾತಿ ಅಲ್ಲ ಅದು ಎಂದು ತಿಳಿದವರು ತಿದ್ದುತ್ತಾರೆ. ನಮ್ಮ ಕಡೆ ಎಲ್ಲರೂ ಜಿಂಕೆ ಅಂತಲೇ ಕರೆಯುವುದು, ನಾನೂ ಹಾಗೇ ಕರೆಯುತ್ತೇನೆ.)

ಇನ್ನು ಆ ತೋಟಾ, ಅಂದರೆ ಕೋಶ, ಸಿಡಿಮದ್ದು, ಗುಂಡು ಮೂರೂ ಸೇರಿದ್ದು. ಅದರ ಹಿಂದೆ ನೂರು ವರ್ಷಕ್ಕೂ ಹಳೆಯ ಜಗಳವಿದೆ. ಜಿಂಕೆ ಹೊಡೆಯಲು ಎಷ್ಟು ಸಣ್ಣ ಗುಂಡು ಸಾಕು? ಅಮೆರಿಕದಲ್ಲಿ 1912ರಲ್ಲೇ ಸ್ಯಾವೇಜ್ ಕಂಪನಿ .22 ಅಳತೆಯ ವೇಗದ ತೋಟಾ ತಂದಿತ್ತು. (ಈ ಅಳತೆ ಅಂದರೆ ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ.) 1935ರಲ್ಲಿ .220 ಸ್ವಿಫ್ಟ್ ಬಂತು. ಅದರ ಗುಂಡಿನ ತೂಕ ಮೂರು ಗ್ರಾಂ ಚಿಲ್ಲರೆ, ಓಟ ಮಾತ್ರ ಭಯಂಕರ. ಹೊಡೆದ ಜಾಗದಲ್ಲೇ ಬಿತ್ತು ಅಂದವರಿದ್ದರು. ಗಾಯ ಮಾಡಿಕೊಂಡು ಪೊದೆ ಸೇರಿತು, ಸಿಗಲೇ ಇಲ್ಲ ಅಂದವರೂ ಇದ್ದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಆ ಗುಂಡುಗಳ ತಾಮ್ರದ ಹೊದಿಕೆ ತೆಳು. ಪಕ್ಕೆಲುಬಿನ ಸಂದಿಯಲ್ಲಿ ಹೊಕ್ಕರೆ ಕೆಲಸ ಮುಗಿಯುತ್ತಿತ್ತು. ಭುಜದ ಮೂಳೆಗೆ ತಗುಲಿದರೆ ಅಲ್ಲೇ ಪುಡಿಯಾಗಿ, ಚರ್ಮದ ಕೆಳಗೆ ದೊಡ್ಡ ಗಾಯವಾಗಿ, ಒಳಗಿನ ಅಂಗಕ್ಕೆ ತಲುಪುತ್ತಲೇ ಇರಲಿಲ್ಲ.

ಈ ಕಥೆಯಲ್ಲಿ ನನಗೆ ಇಷ್ಟವಾಗುವ ಕಾಲ ಎರಡನೇ ಮಹಾಯುದ್ಧದ ಆಸುಪಾಸಿನದು. ಯುದ್ಧಕ್ಕೆ ಸೀಸ, ತಾಮ್ರ ಎಲ್ಲ ಹೋಗಿ ಅಂಗಡಿಯಲ್ಲಿ ಗುಂಡು ಸಿಗದಾಯಿತು. ಕ್ಯಾಲಿಫೋರ್ನಿಯಾದ ಫ್ರೆಡ್ ಹಂಟಿಂಗ್ಟನ್ ಎಂಬಾತ ಹೊಡೆದು ಬಿಸಾಡಿದ .22 ತೋಟಾಗಳ ಹಿತ್ತಾಳೆ ಕೋಶವನ್ನೇ ಒತ್ತಿ ಗುಂಡಿನ ಹೊದಿಕೆ ಮಾಡುವ ಅಚ್ಚು ಹುಟ್ಟುಹಾಕಿದ. ತೋಟಾ ತುಂಬುವ ಸಾಧನಗಳ ಆರ್‌ಸಿಬಿಎಸ್ ಕಂಪನಿ ಶುರುವಾದದ್ದು ಹಾಗೆ. ಯುದ್ಧ ಮುಗಿದ ಮೇಲೆ ಸೈನ್ಯದಲ್ಲಿ ರಾಶಿ ಮದ್ದು ಉಳಿಯಿತು. ಕನ್ಸಾಸ್‌ನ ಬ್ರೂಸ್ ಹಾಜ್ಡನ್ ಅದನ್ನು ಕೊಂಡು ಸಾಮಾನ್ಯರಿಗೆ ಮಾರತೊಡಗಿದ. ಒಂದು ಕಡೆ ಅಚ್ಚು, ಇನ್ನೊಂದು ಕಡೆ ಅಗ್ಗದ ಮದ್ದು. ಖಾಲಿ ಕೋಶಕ್ಕೆ ಮನೆಯಲ್ಲೇ ಮತ್ತೆ ತುಂಬುವುದು ಹೀಗೆ ಹವ್ಯಾಸವಾಗಿ ಹರಡಿತು.

1946ರಲ್ಲಿ ಜಾನ್ ನಾಸ್ಲರ್ ಎಂಬ ಬೇಟೆಗಾರ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಎಂಬ ಭಾರಿ ಪ್ರಾಣಿಗೆ ಗುಂಡು ಹೊಡೆದ. ಮೂಸ್ ಮೈಗೆ ಒಣಗಿದ ಕೆಸರು ಮೆತ್ತಿತ್ತು. ಗುಂಡು ಒಳಗಿಳಿಯಲಿಲ್ಲ. ಊರಿಗೆ ಬಂದವನು ಹೊಸ ಗುಂಡು ಮಾಡಿದ. ನಡುವೆ ತಾಮ್ರದ ಒಂದು ಗೋಡೆ, ಮುಂದೆ ಸೀಸ, ಹಿಂದೆಯೂ ಸೀಸ. ಮುಂದಿನದು ಅಣಬೆಯ ಹಾಗೆ ಅರಳುತ್ತದೆ, ಹಿಂದಿನದು ಇಡಿಯಾಗಿ ಉಳಿದು ಆಳಕ್ಕೆ ನುಗ್ಗುತ್ತದೆ. ಪಾರ್ಟಿಷನ್ ಎಂದು ಹೆಸರಿಟ್ಟು 1948ರಲ್ಲಿ ಮಾರಾಟಕ್ಕಿಟ್ಟ. ಬಿಡಿ ಗುಂಡಾಗಿಯೇ ಸಿಗುತ್ತಿತ್ತು. ಬೇಕಾದವನು ಡಬ್ಬಿ ತಂದು ತಾನೇ ತುಂಬಿಕೊಳ್ಳಬೇಕು. ದುಬಾರಿ ಗುಂಡಿಗೂ ಮನೆಯಲ್ಲಿ ತುಂಬುವ ಹವ್ಯಾಸಕ್ಕೂ ನಂಟು ಬೆಳೆದದ್ದು ಇಲ್ಲಿಂದ.

ಆಮೇಲಿನದು ಬೇಗ ಹೇಳಿಬಿಡಬಹುದು. 1955ರಲ್ಲಿ .243 ವಿಂಚೆಸ್ಟರ್ ಬಂದು ಸಣ್ಣ ಅಳತೆಗೆ ಮರ್ಯಾದೆ ತಂದಿತು. 1989ರಲ್ಲಿ ಬಾರ್ನ್ಸ್ ಕಂಪನಿ ಸೀಸವೇ ಇಲ್ಲದ ಇಡೀ ತಾಮ್ರದ ಗುಂಡು ತಂದಿತು. ಮೂಳೆಗೆ ತಗುಲಿದರೂ ಅದು ಅಷ್ಟು ಸುಲಭವಾಗಿ ಚೂರಾಗುವುದಿಲ್ಲ. ಕಾಂಡೋರ್ ರಣಹದ್ದುಗಳಿಗೆ ಸೀಸ ವಿಷವಾಗುತ್ತದೆ ಎಂದು ಕ್ಯಾಲಿಫೋರ್ನಿಯಾ 2019ರಿಂದ ಬೇಟೆಗೆ ಸೀಸದ ಗುಂಡನ್ನೇ ನಿಲ್ಲಿಸಿತು. ಜಗಳ ಮಾತ್ರ ನಿಂತಿಲ್ಲ. ಕೊಲರಾಡೊದಲ್ಲಿ ಜಿಂಕೆಗೆ .24ಕ್ಕಿಂತ ಸಣ್ಣ ರೈಫಲ್ ಹಿಡಿಯುವಂತಿಲ್ಲ. ಟೆಕ್ಸಾಸ್‌ನಲ್ಲಿ .223 ಆದರೂ ನಡೆಯುತ್ತದೆ. ನನ್ನ ಕೇಳಿದರೆ, ಅಳತೆಗಿಂತ ಗುಂಡಿನ ಕಟ್ಟೋಣ ಮುಖ್ಯ. ಅದಕ್ಕಿಂತ ಮುಖ್ಯ, ಸರಿಯಾದ ಜಾಗ ಕಾಣುವವರೆಗೆ ಬಂದೂಕಿನ ಕುದುರೆ ಎಳೆಯದ ಬೆರಳು.

ಸರಿ, ಮಧುಗಿರಿಗೆ ಬರೋಣ. ಕೈಯಲ್ಲಿ ತುಂಬುವುದು ನಮಗೇನೂ ಹೊಸದಲ್ಲ. ತಾತನ ಕೇಪಿನ ಬಂದೂಕಿಗೆ ಪ್ರತಿ ಸಲವೂ ನಳಿಗೆಯ ಬಾಯಿಂದಲೇ ತುಂಬಬೇಕಿತ್ತು. ಮದ್ದು, ತೆಂಗಿನ ನಾರು, ಚರೆ ಎಂಬ ಸಣ್ಣ ಕಾಳುಗುಂಡು, ಮೇಲೆ ಗಜ ಎಂಬ ಸರಳಿನಿಂದ ಕುಟ್ಟುವುದು. ಗುರಿ ಅನ್ನುವುದು ಹೆಸರಿಗೆ ಮಾತ್ರ. ಚರೆ ಎಲ್ಲೆಲ್ಲೋ ಚೆಲ್ಲುತ್ತಿತ್ತು. ಚರೆ ತಿಂದ ಪ್ರಾಣಿ ಕುಂಟುತ್ತಾ ಎಲ್ಲಿಗೆ ಹೋಯಿತು ಎಂದು ಯಾರೂ ಹುಡುಕುತ್ತಿರಲಿಲ್ಲ. ತಾತ ಜಿಂಕೆ ಹೊಡೆದಿದ್ದರಾ ಎಂದು ಕೇಳಿದರೆ ಅಜ್ಜಿ, ‘ಊಟಕ್ಕೇಳು ಮೊದ್ಲು’ ಅನ್ನುತ್ತಿದ್ದರು.

ಮೈಸೂರು ಸಂಸ್ಥಾನ 1901ರಲ್ಲೇ ಬೇಟೆಗೆ ಕಾನೂನು ಮಾಡಿತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ಕಾಯಲು ಬಾಯಿಂದ ತುಂಬುವ ಬಂದೂಕಿಗೆ ಲೈಸೆನ್ಸ್ ಕೊಡಬಹುದು ಎಂದು ಬಿಡಿಸಿ ಹೇಳಿತು. ರೈತನಿಗೆ ಅದೊಂದು ದಾರಿ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದು ಕೃಷ್ಣಮೃಗವನ್ನು ಅತಿ ಹೆಚ್ಚು ರಕ್ಷಣೆಯ ಮೊದಲ ಪಟ್ಟಿಗೆ ಸೇರಿಸಿತು. ಉಳಿದ ಪ್ರಾಣಿಗಳಿಗೆ ಇದ್ದ ಬೇಟೆ ಲೈಸೆನ್ಸ್ 1991ರ ತಿದ್ದುಪಡಿಯಲ್ಲಿ ಹೋಯಿತು. ಗೋಜಲು ಇರುವುದು ಇಲ್ಲೇ. ಬೇರೆ ಪಟ್ಟಿಯ ಪ್ರಾಣಿ ನಿಂತ ಬೆಳೆ ಹಾಳು ಮಾಡಿದರೆ, ಅದನ್ನು ಕೊಲ್ಲಲು ಅಧಿಕಾರಿ ಲಿಖಿತ ಅನುಮತಿ ಕೊಡಬಹುದು. ಮೊದಲ ಪಟ್ಟಿಯ ಪ್ರಾಣಿಗೆ ಆ ಅವಕಾಶವಿಲ್ಲ. ಮನುಷ್ಯರ ಜೀವಕ್ಕೆ ಅಪಾಯವಿರಬೇಕು, ಇಲ್ಲವೇ ಪ್ರಾಣಿಯೇ ವಾಸಿಯಾಗದ ಸ್ಥಿತಿಯಲ್ಲಿರಬೇಕು. ಕಡ್ಲೆಕಾಯಿ ತಿನ್ನುವ ಜಿಂಕೆ ಯಾರ ಜೀವಕ್ಕೂ ಅಪಾಯವಲ್ಲ. ಹಾಗಾಗಿ ಒಂದು ಕಾಯ್ದೆ ಬೆಳೆ ಕಾಯಲು ಬಂದೂಕು ಕೊಟ್ಟಿತು, ಇನ್ನೊಂದು ಕಾಯ್ದೆ ಬೆಳೆ ತಿನ್ನುವ ಪ್ರಾಣಿಯ ಕಡೆ ಅದನ್ನು ತಿರುಗಿಸಬೇಡ ಅಂದಿತು. ಉಳಿದದ್ದು ಸದ್ದು. ತಾತ ಕಡೆಗಾಲದಲ್ಲಿ ಚರೆ ಹಾಕದೆ ಸುಮ್ನೆ ಢಂ ಅನ್ನಿಸಿ ಮಲಗುತ್ತಿದ್ದರು. ಚುನಾವಣೆ ಬಂದರೆ ಅದೂ ಇಲ್ಲ, ಬಂದೂಕು ಠಾಣೆಗೆ.

2007ರಲ್ಲಿ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು, ಸುಮಾರು 800 ಎಕರೆ, ಜಯಮಂಗಲಿ ಸಂರಕ್ಷಣಾ ಮೀಸಲು ಆಯಿತು. ಒಳ್ಳೆಯದೇ ಆಯಿತು. ಮುಂಜಾನೆ ಅಲ್ಲಿ ಹಿಂಡು ನೆಗೆಯುವುದನ್ನು ನೋಡಿದವರು ಬಂದೂಕಿನ ಮಾತು ಎತ್ತುವುದು ಕಷ್ಟ. ಆದರೆ ಮೀಸಲಿನ ಗಡಿ ಜಿಂಕೆಗೆ ಗೊತ್ತಿಲ್ಲ.

ಈಗ ಊರಿನ ಹುಡುಗರು ಅಮೆರಿಕದ ವಿಡಿಯೋ ನೋಡಿ ‘ನಾವೂ ತೋಟಾ ತುಂಬಬಹುದಾ’ ಎಂದು ಕೇಳುತ್ತಾರೆ. ಅನುಮತಿ ಇಲ್ಲದೆ ಮದ್ದುಗುಂಡು ತಯಾರಿಸುವುದು ಇಲ್ಲಿ ಅಪರಾಧ. ಲೈಸೆನ್ಸ್ ಇದ್ದವರಿಗೂ ಎಷ್ಟು ತೋಟಾ ಕೊಳ್ಳಬಹುದು ಎಂಬ ಲೆಕ್ಕ ಇದೆ. ಅದೆಲ್ಲ ದಾಟಿದರೂ ಹೊಡೆಯಲು ಯಾವ ಜಿಂಕೆಯೂ ಇಲ್ಲ.

ಇದನ್ನೆಲ್ಲ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿ, ಆಮೇಲೆ ಗುಂಪಿನಲ್ಲಿ ಮಗನನ್ನು ಅವರು ಕೇಳಿದ್ದು ಒಂದೇ: ‘ಅಲ್ಲಿ ಯಾರೂ ಕಡ್ಲೆಕಾಯಿ ಹಾಕಲ್ವೇನೋ?’

‘ಹಾಕ್ತಾರಪ್ಪಾ. ಈ ಜಿಂಕೆ ಇದ್ದ ಜಾಗಕ್ಕೆ ಎಂಟಡಿ ಬೇಲಿ ಇದೆ.’